ಧರೆಗೆ ತಾಗಿದ ಕೆಳಗಿನ ಕೋಣೆಯಲ್ಲಿ ಮಲಗುವ ಕೋಣೆ, ಬಚ್ಚಲು ಮಾಡಿಕೊಳ್ಳುವುದು ಹೇಗೆ?

ಶಿರಸಿ, ಸಿದ್ದಾಪುರದ ಕಡೆ ಮನೆ ಕಟ್ಟಲು ಸಮತಟ್ಟು ಜಾಗ ಸಿಗುವುದು ಕಡಿಮೆ. ಗುಡ್ಡ ಕಡಿದು, ಹಿಂದೆ ಧರೆ (ಕಡಿದ ಗುಡ್ಡದ ಕಡಿದಾದ ಮಣ್ಣಿನ ಮೈ) ಬಿಟ್ಟು, ಮುಂದೆ ತೋಟದ ಇಳಿಜಾರಿಗೆ ಮುಖ ಮಾಡಿ ಕಟ್ಟುತ್ತೇವೆ. ರಸ್ತೆಯಿಂದ ನೋಡಿದರೆ ಒಂದೇ ಅಂತಸ್ತು, ತೋಟದಿಂದ ನೋಡಿದರೆ ಎರಡು. ಅಂಕೋಲಾ, ಕಾರವಾರದ ಗುಡ್ಡದ ಬುಡದ ಮನೆಗಳೂ ಹೀಗೇ. ಆ ಕೆಳಗಿನ ಕೋಣೆಯಲ್ಲಿ ಅಡಿಕೆ ಚೀಲ, ದೋಟಿ, ಔಷಧಿ ಹೊಡೆಯುವ ಪಂಪು, ಹಳೆ ತಗಡು ಎಲ್ಲ ತುಂಬಿರುತ್ತದೆ.

ನಮ್ಮ ಮನೆಯಲ್ಲೂ ಹಾಗೇ ಇತ್ತು. ಆಯಿಗೆ ಮೊಣಕಾಲು ನೋವು ಜಾಸ್ತಿಯಾದ ಮೇಲೆ ಆ ಕೋಣೆಯ ಕಡೆ ಕಣ್ಣು ಹೋಯಿತು. ಅಂಗಳದಿಂದ ಮೇಲಿನ ಮನೆಗೆ ಹನ್ನೊಂದು ಮೆಟ್ಟಿಲು. ಕೆಳಗಿನ ಕೋಣೆಗೆ ಒಂದೂ ಇಲ್ಲ. ಅಲ್ಲೇ ಮಂಚ ಹಾಕಿ, ಪಕ್ಕದಲ್ಲಿ ಬಚ್ಚಲು ಮಾಡಿಕೊಟ್ಟರೆ ಆಯಿ ತನ್ನಷ್ಟಕ್ಕೆ ತಾನು ಅಂಗಳಕ್ಕೆ ಬಂದು ಹೋಗಬಹುದು ಅಂತ ಯೋಚನೆ ಮಾಡಿದೆವು.

ಮೊದಲ ಸಲ ನಾನು ಅವಸರ ಮಾಡಿದೆ. ಮಾರ್ಚ್ ತಿಂಗಳಲ್ಲಿ ಗೋಡೆ ಒಣಗಿ ಗಟ್ಟಿಯಾಗಿ ಕಾಣುತ್ತಿತ್ತು. ಅಂಗಡಿಯವರ ಮಾತು ನಂಬಿ ಒಳಗಿನಿಂದ ನೀರು ತಡೆಯುವ ಬಣ್ಣವನ್ನು ಮೂರು ಕೋಟು ಬಳಿಸಿದೆ. ಜುಲೈ ಬಂತು. ಬಣ್ಣದ ಹಿಂದೆ ಬೊಬ್ಬೆ ಎದ್ದಿತು. ಚುಚ್ಚಿದರೆ ನೀರು. ಆಗಸ್ಟ್ ಹೊತ್ತಿಗೆ ಹಾಳೆಹಾಳೆಯಾಗಿ ಕಳಚಿ ಬಿತ್ತು. ಆಗ ಒಬ್ಬ ಹಿರಿಯ ಗೌಂಡಿ ಬಂದು ಗೋಡೆ ಮುಟ್ಟಿ ನೋಡಿ, “ತಮಾ, ಧರೆ ನೀರನ್ನ ಕಟ್ಟೂಕೆ ಆಗೂದಿಲ್ಲ. ಅದಕ್ಕೆ ದಾರಿ ಮಾಡಿ ಕೊಡ್ಬೇಕು” ಅಂದ. ಮುಂದಿನ ಎಲ್ಲ ಕೆಲಸವನ್ನೂ ಆ ಮಾತಿನ ಮೇಲೆಯೇ ಮಾಡಿದೆವು. ಈಗ ಕೋಣೆ ಚೆನ್ನಾಗಿದೆ. ಮಾಡಿದ ಕ್ರಮದಲ್ಲೇ ಇಲ್ಲಿ ಬರೆಯುತ್ತೇನೆ.

ಮೊದಲು ಒಂದು ಮಳೆಗಾಲ ಪೂರ್ತಿ ನೋಡಿ

ಸಿಮೆಂಟು ತರುವ ಮೊದಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೋಣೆಯನ್ನು ಖಾಲಿ ಮಾಡಿ ಸುಮ್ನೆ ಗಮನಿಸಿ. ವಾರಕ್ಕೊಮ್ಮೆ ಒಳಗೆ ಹೋಗಿ. ಒದ್ದೆ ಎಲ್ಲಿಂದ ಶುರುವಾಗುತ್ತದೆ, ಎಷ್ಟು ಎತ್ತರಕ್ಕೆ ಏರುತ್ತದೆ, ಮಳೆ ನಿಂತ ಮೇಲೆ ಎಷ್ಟು ದಿನಕ್ಕೆ ಆರುತ್ತದೆ ಎಂದು ನೋಡಿ. ಸೀಮೆಸುಣ್ಣದಲ್ಲಿ ಗೋಡೆ ಮೇಲೆಯೇ ಗೆರೆ ಎಳೆದು ತಾರೀಖು ಬರೆಯಿರಿ. ಮುಂದೆ ಕೆಲಸದವರಿಗೆ ತೋರಿಸಲು ಅದಕ್ಕಿಂತ ಒಳ್ಳೆಯ ನಕ್ಷೆ ಇಲ್ಲ.

ಒದ್ದೆಯಲ್ಲಿ ಮೂರು ಬಗೆ ಇದೆ. ಕಲ್ಲಿನ ಸಂದಿಯಿಂದ ನೀರು ಇಳಿದು ನೆಲದಲ್ಲಿ ನಿಂತರೆ ಅದು ಧರೆಯ ಒರತೆ. ಗೋಡೆಯ ಬುಡದಿಂದ ಎರಡು ಮೂರು ಅಡಿ ಎತ್ತರಕ್ಕೆ ಕಪ್ಪು ಪಟ್ಟೆ ಎದ್ದು, ಅಂಚಿನಲ್ಲಿ ಬಿಳಿ ಉಪ್ಪು ಹೊರಬಂದರೆ ಅದು ನೆಲದಿಂದ ಏರಿದ ತೇವ. ಇಡೀ ಗೋಡೆ ಬೆವರಿದ ಹಾಗೆ ತಣ್ಣಗೆ ಹನಿಗಟ್ಟಿದರೆ ಅದು ಗಾಳಿಯ ತೇವ. ಯಾವುದು ಎಂದು ಗೊತ್ತಾಗದಿದ್ದರೆ ಎರಡು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಎರಡು ದಿನ ಬಿಡಿ. ಹಾಳೆಯ ಹಿಂದೆ ಹನಿ ಇದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಮುಂದೆ ಇದ್ದರೆ ಗಾಳಿಯಿಂದ. ನೆಲಕ್ಕೂ ಇದೇ ಪರೀಕ್ಷೆ ಮಾಡಿ.

ಒಂದು ವರ್ಷ ಕಾಯುವುದು ಬೇಸರದ ಕೆಲಸ ಅಲ್ವಾ? ಆದರೆ ಕಾಯದೆ ಮಾಡಿದ ಕೆಲಸವನ್ನು ಒಡೆದು ಮತ್ತೆ ಮಾಡಲು ನನಗೆ ಎರಡು ವರ್ಷ ಹಿಡಿಯಿತು.

ಆ ಕೋಣೆ ವಾಸಕ್ಕೆ ಆಗುತ್ತದೆಯೇ?

ಎಲ್ಲ ಕೆಳಕೋಣೆಯೂ ಮಲಗುವ ಕೋಣೆ ಆಗುವುದಿಲ್ಲ. ನಾಲ್ಕೂ ಕಡೆ ಮಣ್ಣಿನೊಳಗೆ ಹೂತ ನೆಲಮಾಳಿಗೆಯಾದರೆ ಆಸೆ ಬಿಡಿ. ಅದು ಸಾಮಾನು ಇಡುವುದಕ್ಕೆ, ಮನುಷ್ಯರು ಮಲಗುವುದಕ್ಕಲ್ಲ. ಕನಿಷ್ಠ ಒಂದು ಗೋಡೆ ಪೂರ್ತಿ ಬಯಲಿಗೆ ತೆರೆದಿರಬೇಕು. ಅಲ್ಲಿಂದ ನೇರ ಹೊರಗೆ ಹೋಗುವ ಬಾಗಿಲು ಬೇಕು. ಎರಡು ಗೋಡೆ ತೆರೆದಿದ್ದರೆ ಇನ್ನೂ ಒಳ್ಳೆಯದು.

ಅಳತೆ ಹಿಡಿಯಿರಿ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ವಾಸದ ಕೋಣೆಗೆ 2.75 ಮೀಟರ್ ಎತ್ತರ ಬೇಕು, ಅಂದರೆ ಸುಮಾರು 9 ಅಡಿ. ಮನೆಗೆ ಒಂದೇ ಕೋಣೆಯಾದರೆ 9.5 ಚದರ ಮೀಟರ್ ವಿಸ್ತಾರ, ಎರಡನೆಯ ಕೋಣೆಯಾದರೆ 7.5 ಸಾಕು. ಬಚ್ಚಲಿಗೆ 2.1 ಮೀಟರ್ ಎತ್ತರ ನಡೆಯುತ್ತದೆ. ನಮ್ಮ ಹಳೆ ಮನೆಗಳ ಕೆಳಕೋಣೆ ಹೆಚ್ಚಾಗಿ ಏಳೂವರೆ, ಎಂಟು ಅಡಿ ಇರುತ್ತದೆ. ಎತ್ತರ ಸಾಲದೆಂದು ನೆಲ ಅಗೆಯಲು ಹೊರಡುವ ಮೊದಲು ಒಂದು ಮೂಲೆಯಲ್ಲಿ ಸಣ್ಣ ಗುಂಡಿ ತೆಗೆದು ಅಡಿಪಾಯ ಎಲ್ಲಿಗೆ ನಿಂತಿದೆ ಎಂದು ನೋಡಿ. ಅಡಿಪಾಯದ ತಳಕ್ಕಿಂತ ಕೆಳಗೆ ಒಂದು ಇಂಚೂ ಅಗೆಯಬಾರದು. ಚಿರೇಕಲ್ಲಿನ (ಕೆಂಪು ಜಂಬಿಟ್ಟಿಗೆಯ) ಗೋಡೆ ಕಂಬವಿಲ್ಲದೆ ತನ್ನ ಭಾರದ ಮೇಲೆಯೇ ನಿಂತಿರುತ್ತದೆ. ಬುಡ ಸಡಿಲವಾದರೆ ಮೇಲಿನ ಮನೆ ಉಳಿಯುವುದಿಲ್ಲ.

ಇನ್ನೊಂದು ವಿಷಯವನ್ನು ಒತ್ತಿ ಹೇಳುತ್ತೇನೆ. ಧರೆಯನ್ನೇ ಮೊದಲು ನೋಡಿ. 2009ರ ಅಕ್ಟೋಬರಿನಲ್ಲಿ ಕಾರವಾರದ ಕಡವಾಡದಲ್ಲಿ ಗುಡ್ಡ ಕುಸಿದು ಮನೆಗಳು ಮಣ್ಣಾದವು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡವೇ ಇಳಿಯಿತು. ಎರಡೂ ಕಡೆ ಜೀವ ಹೋಗಿವೆ. ಧರೆಯ ನೆತ್ತಿಯಲ್ಲಿ ಉದ್ದುದ್ದ ಬಿರುಕು ಬಿಟ್ಟಿದೆಯೇ? ಮರಗಳು ಮನೆ ಕಡೆ ವಾಲಿವೆಯೇ? ಮಳೆಯಲ್ಲಿ ಹೊಸ ಜಾಗದಲ್ಲಿ ಕೆಸರು ನೀರು ಹೊರಬರುತ್ತಿದೆಯೇ? ಇವುಗಳಲ್ಲಿ ಒಂದು ಇದ್ದರೂ ಆ ಕೋಣೆಯಲ್ಲಿ ಯಾರನ್ನೂ ಮಲಗಿಸಬೇಡಿ. ಎಂಜಿನಿಯರನ್ನು ಕರೆಸಿ ಮೊದಲು ಧರೆ ಗಟ್ಟಿ ಮಾಡಿಸಿ.

ಪರವಾನಗಿ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಹಳ್ಳಿಯಾದರೆ ಗ್ರಾಮ ಪಂಚಾಯಿತಿ, ಶಿರಸಿ ಕಾರವಾರದ ಪೇಟೆಯಾದರೆ ನಗರಸಭೆ. ಕೋಣೆಯ ಬಳಕೆ ಬದಲಾಗುತ್ತದೆ, ಹೊಸ ಶೌಚಾಲಯ ಸೇರುತ್ತದೆ ಎಂದು ನಕ್ಷೆ ಸಮೇತ ಕೇಳಿ ಬರಹದಲ್ಲಿ ಉತ್ತರ ಪಡೆಯಿರಿ. ಸಮುದ್ರದ ಭರತದ ಗೆರೆಯಿಂದ 500 ಮೀಟರ್ ಒಳಗೆ ಮನೆ ಇದ್ದರೆ ಕರಾವಳಿ ನಿಯಂತ್ರಣ ವಲಯದ (ಸಿಆರ್‌ಜೆಡ್) ನಿಯಮವೂ ಬರುತ್ತದೆ.

ಹೊರಗಿನ ನೀರನ್ನು ಹೊರಗೇ ತಿರುಗಿಸಿ

ಖರ್ಚು ಕಡಿಮೆ, ಫಲ ಜಾಸ್ತಿ ಇರುವ ಕೆಲಸ ಇದೇ. ಆದರೆ ಹೆಚ್ಚಿನವರು ಇದನ್ನು ಬಿಟ್ಟು ಒಳಗಿನ ಟೈಲ್ಸಿನಿಂದ ಶುರು ಮಾಡುತ್ತಾರೆ.

ಮೊದಲು ಮಾಡಿನ ನೀರು. 1000 ಚದರಡಿ ಮಾಡಿನ ಮೇಲೆ ಒಂದು ಮಳೆಗಾಲಕ್ಕೆ 3000 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 2 ಲಕ್ಷ 80 ಸಾವಿರ ಲೀಟರ್ ನೀರು. ಕರಾವಳಿಯಲ್ಲಿ ಇಷ್ಟು ಮಳೆ ದೊಡ್ಡ ಮಾತಲ್ಲ. ಅದರ ಅರ್ಧ ಹಿಂದಿನ ಸೂರಿನಿಂದ ಇಳಿದು ಧರೆ ಮತ್ತು ಗೋಡೆಯ ನಡುವೆ ಬೀಳುತ್ತದೆ. ಆ ಸೂರಿಗೆ ಮಳೆನೀರು ಹಿಡಿಯುವ ದೋಣಿ ಹಾಕಿ, ಪೈಪಿನಲ್ಲಿ ಇಳಿಸಿ, ಮನೆಯ ಬದಿಯಿಂದ ಇಳಿಜಾರಿಗೆ ಬಿಡಿ. ನಮ್ಮಲ್ಲಿ ಇದೊಂದನ್ನು ಮಾಡಿದ ವರ್ಷವೇ ಗೋಡೆಯ ಒದ್ದೆ ಅರ್ಧಕ್ಕೆ ಇಳಿಯಿತು.

ಆಮೇಲೆ ಧರೆಯ ನೆತ್ತಿ. ಮೇಲಿನಿಂದ ಹರಿದು ಬರುವ ನೀರು ಧರೆಯಿಂದ ಇಳಿಯದ ಹಾಗೆ ನೆತ್ತಿಯಿಂದ ಹಿಂದಕ್ಕೆ ಸಿಮೆಂಟಿನ ಗಟಾರ ಮಾಡಿ ಬದಿಗೆ ತಿರುಗಿಸಿ. ಮಣ್ಣಿನ ಕಾಲುವೆ ಬೇಡ. ಅದರಲ್ಲೇ ನೀರು ಇಂಗಿ ಧರೆ ಇನ್ನೂ ಭಾರವಾಗುತ್ತದೆ.

ಮೂರನೆಯದು ಗೋಡೆಯ ಬುಡ. ಧರೆಗೂ ಗೋಡೆಗೂ ನಡುವೆ ಒಬ್ಬರು ಇಳಿದು ಕೆಲಸ ಮಾಡುವಷ್ಟು ಸಂದಿ ಇದ್ದರೆ ಅಲ್ಲಿ ಗಟಾರದ ತಳವನ್ನು ಒಳಗಿನ ನೆಲಕ್ಕಿಂತ ಅರ್ಧ ಅಡಿಯಾದರೂ ಕೆಳಗೆ ಇಳಿಸಿ. ಸಂದಿಯಲ್ಲಿ ಮಣ್ಣು ತುಂಬಿದ್ದರೆ ಅಗೆದು, ತೂತುಗಳಿರುವ ಪೈಪನ್ನು ಇಳಿಜಾರಾಗಿ ಮಲಗಿಸಿ, ಸುತ್ತ ಜಲ್ಲಿ ತುಂಬಿ, ಜಲ್ಲಿಯ ಮೇಲೆ ಮಣ್ಣು ಸೋಸುವ ಜಿಯೋ ಬಟ್ಟೆ ಹೊದಿಸಿ. ಬಟ್ಟೆ ಇಲ್ಲದಿದ್ದರೆ ನಮ್ಮ ಕೆಂಪು ಮಣ್ಣು ಜಲ್ಲಿಯ ಸಂದಿಗೆಲ್ಲ ನುಗ್ಗಿ ಕಟ್ಟಿಬಿಡುತ್ತದೆ. ಉದ್ದಕ್ಕೂ ಒಂದೇ ಸಲ ಅಗೆಯಬೇಡಿ. ಮೂರು ನಾಲ್ಕು ಅಡಿ ಅಗೆದು, ಪೈಪು ಹಾಕಿ, ತುಂಬಿ, ಆಮೇಲೆ ಮುಂದಿನ ತುಂಡು. ಇದು ಡಿಸೆಂಬರಿನಿಂದ ಏಪ್ರಿಲ್ ಒಳಗೆ ಮುಗಿಯುವ ಕೆಲಸ. ಮೊದಲ ಮಳೆ ಬಿದ್ದ ಮೇಲೆ ಧರೆಯ ಬುಡಕ್ಕೆ ಗುದ್ದಲಿ ಹಾಕಬಾರದು.

ಧರೆಗೆ ಕಲ್ಲಿನ ತಡೆಗೋಡೆ ಇದ್ದರೆ ಅದರಲ್ಲಿ ನೀರು ಹೊರಬರುವ ಕಿಂಡಿ ಇದೆಯೇ ನೋಡಿ. ಮೀಟರಿಗೊಂದರಂತೆ ಪಿವಿಸಿ ಪೈಪಿನ ತುಂಡು ಇರಬೇಕು. ಇರುವ ಕಿಂಡಿಯಲ್ಲಿ ಬೇರು, ಮಣ್ಣು ಕಟ್ಟಿದ್ದರೆ ಕಬ್ಬಿಣದ ಸರಳಿನಿಂದ ಬಿಡಿಸಿ.

ಒಳಗಿನ ಗೋಡೆ

ಹೊರಗಿನ ಕೆಲಸ ಮುಗಿದ ಮೇಲೆ ಉಳಿದಿರುವುದು ಬರೀ ತೇವವೋ, ಹರಿಯುವ ನೀರೋ ಎನ್ನುವುದರ ಮೇಲೆ ಒಳಗಿನ ಕೆಲಸ ನಿಂತಿದೆ.

ಬರೀ ತೇವವಾದರೆ ಹಳೆ ಗಾರೆ, ಬಣ್ಣ ಎಲ್ಲ ಕಲ್ಲು ಕಾಣುವವರೆಗೆ ಕೆತ್ತಿ ತೆಗೆಯಿರಿ. ಕಲ್ಲಿನ ಸಂದಿಗಳನ್ನು ಒಂದು ಇಂಚು ಆಳ ಬಿಡಿಸಿ ಸಿಮೆಂಟು ಗಾರೆ ತುಂಬಿಸಿ. ನೀರು ತಡೆಯುವ ದ್ರವ ಸೇರಿಸಿದ 1 ಪಾಲು ಸಿಮೆಂಟಿಗೆ 4 ಪಾಲು ಮರಳಿನ ಗಾರೆಯನ್ನು ಎರಡು ಪದರ ಹಾಕಿ, ಒಂದು ವಾರ ನೀರುಣಿಸಿ. ಅದರ ಮೇಲೆ ಸಿಮೆಂಟು ಆಧಾರದ ಲೇಪನ ಎರಡು ಕೋಟು ಬಳಿಸಿ. ನೇರ ಚಿರೇಕಲ್ಲಿನ ಮೇಲೆ ಬಳಿಯಬೇಡಿ. ಈ ಲೇಪನಗಳು ಸಿಮೆಂಟನ್ನು ಕಚ್ಚಿಕೊಳ್ಳುತ್ತವೆ, ಕಲ್ಲಿನ ತೂತುಗಳನ್ನಲ್ಲ. ಕಾರವಾರ, ಗೋಕರ್ಣದ ಕಡೆಯವರು ಉಪ್ಪು ಮಿಶ್ರಿತ ಮರಳು ಬಾರದಂತೆ ನೋಡಿಕೊಳ್ಳಿ. ಆ ಉಪ್ಪು ಗಾಳಿಯ ತೇವ ಎಳೆಯುತ್ತದೆ, ಕಬ್ಬಿಣವನ್ನೂ ತಿನ್ನುತ್ತದೆ.

ಹರಿಯುವ ನೀರಾದರೆ ಎಂಥ ಲೇಪನವೂ ಹೆಚ್ಚು ದಿನ ನಿಲ್ಲುವುದಿಲ್ಲ. ಹಿಂದಿನಿಂದ ನೀರು ದೂಡುತ್ತಲೇ ಇರುತ್ತದೆ. ನಾವು ಮಾಡಿದ್ದು ಜೋಡಿ ಗೋಡೆ. ಧರೆ ಬದಿಯ ಕಲ್ಲುಗೋಡೆಯಿಂದ ಎರಡು ಇಂಚು ಬಿಟ್ಟು ಒಳಗೆ ನಾಲ್ಕು ಇಂಚಿನ ಸಿಮೆಂಟು ಬ್ಲಾಕಿನ ಗೋಡೆ. ಎರಡರ ನಡುವೆ ಬುಡದಲ್ಲಿ ಸಣ್ಣ ಕಾಲುವೆ. ಕಲ್ಲಿನಿಂದ ಇಳಿದ ನೀರು ಕಾಲುವೆಗೆ ಬಿದ್ದು, ಬಯಲಿನ ಬದಿಗೆ ಪೈಪಿನಲ್ಲಿ ಹೊರಗೆ ಹೋಗುತ್ತದೆ. ಒಳಗಿನ ಗೋಡೆಗೆ ನೀರು ಮುಟ್ಟುವುದೇ ಇಲ್ಲ. ಕಟ್ಟುವಾಗ ಗಾರೆ ಉದುರಿ ಸಂದಿಯಲ್ಲಿ ಬೀಳುತ್ತದೆ, ಅದೇ ಮುಂದೆ ತೇವಕ್ಕೆ ಸೇತುವೆಯಾಗುತ್ತದೆ. ಸಂದಿಯಲ್ಲಿ ಒಂದು ಹಲಗೆ ಇಳಿಬಿಟ್ಟುಕೊಂಡು, ಪ್ರತಿ ಎರಡು ವರಸೆಗೆ ಮೇಲೆತ್ತಿ ಗಾರೆ ತೆಗೆಯಲು ಹೇಳಿ. ಗೋಡೆಯ ಎರಡೂ ತುದಿಯಲ್ಲಿ ಕಾಲುವೆ ತೊಳೆಯಲು ಕೈ ಹೋಗುವಷ್ಟು ಮುಚ್ಚಳ ಇಡಿ. ಹೊರಗಿನ ಪೈಪಿನ ಬಾಯಿಗೆ ಸ್ಟೀಲ್ ಜಾಳಿಗೆ ಹಾಕಿ, ಇಲ್ಲದಿದ್ದರೆ ಹಾವು ಚೇಳು ಅಲ್ಲಿ ಮನೆ ಮಾಡುತ್ತವೆ.

ಕೋಣೆಯಲ್ಲಿ ಆರೇಳು ಇಂಚು ಹೋಗುತ್ತದೆ. ಸಣ್ಣ ಕೋಣೆಗೆ ಅದು ದೊಡ್ಡ ನಷ್ಟ ಎಂದು ನನಗೂ ಅನ್ನಿಸಿತ್ತು. ಈಗ ಆ ಗೋಡೆಗೆ ಜುಲೈಯಲ್ಲಿ ಕೈ ಇಟ್ಟರೆ ಒಣಗಿರುತ್ತದೆ. ಅದರ ಮುಂದೆ ಆರು ಇಂಚು ಯಾವ ಲೆಕ್ಕ?

ಬಣ್ಣಕ್ಕೆ ಸುಣ್ಣವೋ ಸಿಮೆಂಟು ಬಣ್ಣವೋ ಸಾಕು. ಧರೆ ಬದಿಯ ಗೋಡೆಗೆ ಪುಟ್ಟಿ, ಪಿಒಪಿ, ಹೊಳಪಿನ ಪ್ಲಾಸ್ಟಿಕ್ ಬಣ್ಣ ಬೇಡ. ಗೋಡೆ ಉಸಿರಾಡಬೇಕು.

ನೆಲ

ಹಳೆ ನೆಲ ಕಿತ್ತು, ಅಡಿಪಾಯದ ತಳ ದಾಟದಷ್ಟು ಮಾತ್ರ ಇಳಿಸಿ. ಮಣ್ಣು ಗಟ್ಟಿಯಾಗಿ ಬಡಿದು, ಒರಲೆ (ಗೆದ್ದಲು) ಔಷಧಿ ಈ ಹಂತದಲ್ಲೇ ಹಾಕಿಸಬೇಕು. ಬಾವಿ ಹತ್ತಿರವಿದ್ದರೆ ಔಷಧಿ ಬಿಟ್ಟು, ಮರವಿಲ್ಲದ ಕೋಣೆ ಮಾಡಿಕೊಳ್ಳಿ. ಮೇಲೆ ನಾಲ್ಕರಿಂದ ಆರು ಇಂಚು ದಪ್ಪ ಜಲ್ಲಿ. ಜಲ್ಲಿಯ ನಡುವೆ ಒಂದು ತೂತಿನ ಪೈಪು ಇಟ್ಟು ಬಯಲಿಗೆ ಬಿಟ್ಟರೆ ನೆಲದಡಿಯ ಒರತೆಯೂ ಹೊರಗೆ ಹೋಗುತ್ತದೆ. ಜಲ್ಲಿಯ ಮೇಲೆ ತೆಳುವಾಗಿ ಮರಳು ಹರಡಿ, 250 ಮೈಕ್ರಾನಿನ ಪ್ಲಾಸ್ಟಿಕ್ ಹಾಳೆ ಹಾಸಿ. ಜೋಡಿಸುವಲ್ಲಿ ಒಂದು ಅಡಿ ಒಂದರ ಮೇಲೊಂದು ಬರಲಿ. ಅಂಚುಗಳನ್ನು ಗೋಡೆಗೆ ಅರ್ಧ ಅಡಿ ಮೇಲಕ್ಕೆ ಮಡಚಿ. ಅದರ ಮೇಲೆ ನಾಲ್ಕು ಇಂಚು ಕಾಂಕ್ರೀಟು, ಕೊನೆಗೆ ಟೈಲ್ಸು. ಹಾಳೆ ಹಾಸಿದ ಮೇಲೆ ಕಬ್ಬಿಣದ ಬುಟ್ಟಿ ಎಳೆಯಲು ಬಿಡಬೇಡಿ, ಒಂದು ತೂತು ಸಾಕು.

ಕಾಂಕ್ರೀಟು ಹಾಕುವ ಮೊದಲು ಬಚ್ಚಲಿನ ಪೈಪುಗಳು ಕೂತಿರಬೇಕು. ಹಾಗಾಗಿ ಮುಂದಿನ ಭಾಗ ಓದಿ ಆಮೇಲೆ ನೆಲಕ್ಕೆ ಕೈ ಹಾಕಿ.

ಬಚ್ಚಲು ಮತ್ತು ಶೌಚಾಲಯ

ಜಾಗ ಆರಿಸುವಾಗ ಎರಡು ನಿಯಮ. ಬಯಲಿನ ಗೋಡೆಗೆ ತಾಗಿರಲಿ, ಕಿಟಕಿ ಸಿಗುತ್ತದೆ. ಸಾಧ್ಯವಾದರೆ ಮೇಲಿನ ಬಚ್ಚಲಿನ ನೇರ ಕೆಳಗೆ ಬರಲಿ, ಪೈಪು ಒಂದೇ ಸಾಲಿನಲ್ಲಿ ಇಳಿಯುತ್ತದೆ. ಸ್ನಾನ, ಶೌಚ ಒಟ್ಟಿಗೆ ಇರುವ ಕೋಣೆಗೆ ಕನಿಷ್ಠ 2.8 ಚದರ ಮೀಟರ್ ಬೇಕು. ಅದು ಸುಮಾರು 5 ಅಡಿ ಅಗಲ, 6 ಅಡಿ ಉದ್ದ. ವಯಸ್ಸಾದವರಿಗಾದರೆ ಉದ್ದವನ್ನು 7 ಮಾಡಿ, ಬಾಗಿಲು ಮೂರು ಅಡಿ ಅಗಲ ಇಡಿ.

ಎಲ್ಲಕ್ಕಿಂತ ಮುಖ್ಯ ಪ್ರಶ್ನೆ, ಕೊಳಕು ನೀರು ತಾನಾಗಿ ಹರಿದು ಹೋಗುತ್ತದೆಯೇ? ಈಗಿರುವ ಸೆಪ್ಟಿಕ್ ಟ್ಯಾಂಕ್ ಮೇಲಿನ ಮನೆಯ ಲೆಕ್ಕಕ್ಕೆ ಕಟ್ಟಿದ್ದು. ಅದರ ಒಳಬರುವ ಪೈಪು ಕೆಳಕೋಣೆಯ ನೆಲಕ್ಕಿಂತ ಎತ್ತರದಲ್ಲಿದ್ದರೆ ಏನೂ ಹರಿಯುವುದಿಲ್ಲ. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಲೆವೆಲ್ ಹಿಡಿಯಿರಿ. 110 ಮಿಲಿಮೀಟರ್ ಪೈಪಿಗೆ ಪ್ರತಿ ಮೀಟರಿಗೆ ಒಂದೂವರೆಯಿಂದ ಎರಡೂವರೆ ಸೆಂಟಿಮೀಟರ್ ಇಳಿಜಾರು ಬೇಕು. ಟ್ಯಾಂಕ್ 10 ಮೀಟರ್ ದೂರವಿದ್ದರೆ ಕನಿಷ್ಠ 15 ಸೆಂಟಿಮೀಟರ್ ಇಳಿತ ಸಿಗಬೇಕು.

ಸಿಗದಿದ್ದರೆ ಎರಡು ದಾರಿ. ಕೊಳಕು ನೀರನ್ನು ಪಂಪಿನಿಂದ ಮೇಲೆತ್ತುವುದು ಒಂದು. ನಾನು ಅದನ್ನು ಬೇಡ ಅನ್ನುತ್ತೇನೆ. ನಮ್ಮಲ್ಲಿ ಮಳೆಗಾಲದಲ್ಲಿ ಮರ ಬಿದ್ದು ಎರಡು ಮೂರು ದಿನ ಕರೆಂಟು ಹೋಗುವುದು ಮಾಮೂಲು. ಆಗ ಆ ಶೌಚಾಲಯ ಬಳಸಲು ಆಗುವುದಿಲ್ಲ. ಇನ್ನೊಂದು ದಾರಿ, ಕೆಳಗೆ ಇಳಿಜಾರಿನಲ್ಲಿ ಸಣ್ಣ ಹೊಸ ಟ್ಯಾಂಕ್ ಮಾಡುವುದು. ಇಳಿಜಾರಿನ ಜಾಗವೇ ನಮಗೆ ಇಲ್ಲಿ ಉಪಕಾರಕ್ಕೆ ಬರುತ್ತದೆ. ಇಂಗುಗುಂಡಿ ಮಾತ್ರ ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 18 ಮೀಟರ್ ದೂರ, ಬಾವಿಗಿಂತ ತಗ್ಗಿನಲ್ಲಿ ಇರಲಿ. ಚಿರೇಕಲ್ಲಿನ ನೆಲದಲ್ಲಿ ತೂತು, ಪೊಳ್ಳು ಜಾಸ್ತಿ, ನೀರು ಬೇಗ ದೂರ ಹೋಗುತ್ತದೆ. ಪಕ್ಕದ ಮನೆಯವರ ಬಾವಿಯನ್ನೂ ಅಳತೆಗೆ ಸೇರಿಸಿ. ಕೆಳಗೆ ಇನ್ನೊಂದು ಧರೆ ಇದ್ದರೆ ಅದರ ನೆತ್ತಿಯಲ್ಲಿ ಇಂಗುಗುಂಡಿ ಬೇಡವೇ ಬೇಡ.

ಹಳೆ ಟ್ಯಾಂಕಿಗೇ ಸೇರಿಸುವುದಾದರೆ ಕೆಳಗಿನ ಸಾಲಿಗೆ ಹಿಂದೆ ಬಾರದ ವಾಲ್ವ್ ಹಾಕಿಸಿ. ಜುಲೈಯಲ್ಲಿ ಇಂಗುಗುಂಡಿ ತುಂಬಿ ಟ್ಯಾಂಕ್ ಉಕ್ಕಿದಾಗ ಮೇಲಿನ ಮನೆಯ ನೀರು ಮೊದಲು ಹೊರಬರುವುದು ಕೆಳಗಿನ ಬಚ್ಚಲಿನಲ್ಲೇ.

ಇನ್ನು ನೆಲ. ಮಲಗುವ ಕೋಣೆಗಿಂತ ಬಚ್ಚಲು ಒಂದು ಇಂಚು ತಗ್ಗು ಇರುವುದು ವಾಡಿಕೆ. ಆಯಿಗೋಸ್ಕರ ನಾವು ಮೆಟ್ಟಿಲೇ ಇಡಲಿಲ್ಲ. ಬಾಗಿಲಿಂದ ಒಳಗೆ ನಿಧಾನ ಇಳಿಜಾರು, ಸ್ನಾನದ ಜಾಗದ ಬದಿಗೆ ಉದ್ದ ಜಾಳಿಗೆಯ ಕಾಲುವೆ. ನೀರು ಬಾಗಿಲಿಗೆ ಬಂದದ್ದಿಲ್ಲ. ನೆಲದ ನೀರು ಹೊರಹೋಗುವ ಬಾಯಿಗೆ ಕೂರಿಸುವ ನಾಣಿ ಟ್ರಾಪಿನಲ್ಲಿ 50 ಮಿಲಿಮೀಟರ್ ನೀರು ನಿಲ್ಲುವಂತಿರಬೇಕು, ವಾಸನೆ ತಡೆಯುವುದು ಆ ನೀರೇ. ಟೈಲ್ಸಿನ ಕೆಳಗೆ ನೀರು ತಡೆಯುವ ಲೇಪನವನ್ನು ನೆಲಕ್ಕೂ, ಗೋಡೆಗೆ ಒಂದು ಅಡಿಗೂ, ಷವರಿನ ಹಿಂದೆ ಆರು ಅಡಿಗೂ ಎಳೆಯಿರಿ. ಆಮೇಲೆ ಟ್ರಾಪಿನ ಬಾಯಿ ಕಟ್ಟಿ, ಎರಡು ಇಂಚು ನೀರು ತುಂಬಿ ಎರಡು ದಿನ ಬಿಡಿ. ಮಟ್ಟಕ್ಕೆ ಗುರುತು ಹಾಕಿ. ಇಳಿಯದಿದ್ದರೆ ಮಾತ್ರ ಟೈಲ್ಸು. ಟೈಲ್ಸು ಒರಟು ಮೈಯದ್ದಿರಲಿ. ಕಮೋಡಿನ ಪಕ್ಕ, ಸ್ನಾನದ ಜಾಗದಲ್ಲಿ ಸ್ಟೀಲಿನ ಹಿಡಿಕೆಯನ್ನು 80-85 ಸೆಂಟಿಮೀಟರ್ ಎತ್ತರಕ್ಕೆ ಗಟ್ಟಿಯಾಗಿ ಕೂರಿಸಿ. ಮರದ ಬಾಗಿಲು ಊದಿಕೊಳ್ಳುತ್ತದೆ, ಎಫ್‌ಆರ್‌ಪಿ (ಗಾಜಿನ ನಾರು ಸೇರಿಸಿದ ಪ್ಲಾಸ್ಟಿಕ್) ಅಥವಾ ಪಿವಿಸಿ ಸಾಕು.

ಬಿಸಿನೀರಿಗೆ ಗ್ಯಾಸ್ ಗೀಸರನ್ನು ಒಳಗೆ ಹಾಕಲೇಬೇಡಿ. ಗಾಳಿ ಕಡಿಮೆ ಇರುವ ಬಚ್ಚಲಿನಲ್ಲಿ ಅದು ಬಿಡುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ತಲೆ ಸುತ್ತುವಷ್ಟರಲ್ಲಿ ಎದ್ದು ಹೊರಬರುವ ಶಕ್ತಿ ಇರುವುದಿಲ್ಲ. ಕರೆಂಟಿನ ಗೀಸರ್ ಅಥವಾ ಸೋಲಾರ್ ಇರಲಿ. ಮೇಲಿನ ಬಚ್ಚಲ ಹಂಡೆಯಿಂದ ಪೈಪಿನಲ್ಲಿ ಇಳಿಸಿಕೊಂಡರೂ ಆದೀತು.

ಕಿಟಕಿ, ಕರೆಂಟು

ನಮ್ಮಂಥ ಸೆಕೆ ಮತ್ತು ತೇವದ ಊರಿಗೆ ಬಾಗಿಲು ಬಿಟ್ಟು ಕಿಟಕಿಗಳ ತೆರವೇ ನೆಲದ ಆರನೇ ಒಂದು ಭಾಗ ಇರಬೇಕು. 120 ಚದರಡಿ ಕೋಣೆಗೆ 20 ಚದರಡಿ. ಹೊಸ ಕಿಟಕಿಗೆ ಗೋಡೆ ಒಡೆಯುವಾಗ ಮೇಲಿನ ಚಪ್ಪಡಿಗೆ ಜಾಕ್ ಕೊಟ್ಟು, ಮೊದಲು ಲಿಂಟಲ್ (ಕಿಟಕಿಯ ಮೇಲೆ ಭಾರ ಹೊರುವ ಅಡ್ಡತೊಲೆ) ಕೂರಿಸಿ, ಅದು ಗಟ್ಟಿಯಾದ ಮೇಲೆ ಕೆಳಗಿನ ಕಲ್ಲು ತೆಗೆಯಬೇಕು. ಇದನ್ನು ಎಂಜಿನಿಯರ್ ನೋಡದೆ ಮಾಡಿಸಬೇಡಿ. ಒಂದು ಕಿಟಕಿಯ ಸರಳು ಒಳಗಿನಿಂದ ತೆರೆಯುವಂತಿರಲಿ. ಬಾಗಿಲ ಕಡೆ ಬೆಂಕಿಯೋ ಮಣ್ಣೋ ಬಂದರೆ ಹೊರಬೀಳಲು ಎರಡನೆಯ ದಾರಿ ಬೇಕು.

ಸ್ವಿಚ್ಚು, ಪಾಯಿಂಟುಗಳನ್ನು ಧರೆ ಗೋಡೆಯಲ್ಲಿ ಇಡದೆ ಬೇರೆ ಗೋಡೆಗೆ ತನ್ನಿ. ಕೆಳಗಿನ ಕೋಣೆಗೆ ಪ್ರತ್ಯೇಕವಾಗಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್ಚು) ಹಾಕಿಸಿ, ಅರ್ಥಿಂಗ್ ಪರೀಕ್ಷೆ ಮಾಡಿಸಿ. ಒದ್ದೆ ನೆಲ, ಬರಿಗಾಲು ಇರುವ ಮನೆಯಲ್ಲಿ ಜೀವ ಉಳಿಸುವುದು ಇದು.

ಮಂಚ ಹಾಕಿದ ಮೇಲೆ

ಬಚ್ಚಲಿನಲ್ಲಿ ಆರು ಇಂಚಿನ ಎಕ್ಸಾಸ್ಟ್ ಫ್ಯಾನು ಸ್ನಾನದ ನಂತರವೂ ಅರ್ಧ ಗಂಟೆ ಓಡಲಿ. ಅದರ ಗಾಳಿ ನೇರ ಹೊರಗೆ ಹೋಗಬೇಕು. ಜೋರು ಮಳೆಯಲ್ಲಿ ಕಿಟಕಿ ತೆರೆದಿಟ್ಟರೆ ಕೋಣೆ ಒಣಗುತ್ತದೆ ಎಂದುಕೊಳ್ಳುತ್ತೇವೆ. ಹೊರಗಿನ ಗಾಳಿಯೇ ನೀರಾಗಿರುವಾಗ ಅದು ಒಳಗೆ ಬಂದು ತಣ್ಣನೆ ಗೋಡೆಗೆ ಹನಿಯಾಗುತ್ತದೆ. ಮಳೆ ಬಿಟ್ಟಾಗ ತೆರೆಯಿರಿ, ಹೊಡೆಯುವಾಗ ಮುಚ್ಚಿ. ಜುಲೈ ಆಗಸ್ಟಿಗೆ ತೇವ ಹೀರುವ ಯಂತ್ರ ತಂದರೆ ಹಾಸಿಗೆಗೆ ಬೂಷ್ಟು ಬರುವುದಿಲ್ಲ. ನಾವು ತಂದದ್ದು ಮೂರನೆಯ ವರ್ಷ, ಮೊದಲೇ ತರಬೇಕಿತ್ತು.

ಮಂಚ, ಕಪಾಟು ಗೋಡೆಯಿಂದ ನಾಲ್ಕು ಇಂಚು ದೂರ ಇಡಿ. ಧರೆ ಗೋಡೆಗೆ ಅಂಟಿಸಿ ಪ್ಲೈವುಡ್ ವಾರ್ಡ್‌ರೋಬ್ ಮಾಡಿಸಬೇಡಿ. ಒರಲೆ ಹಿಂದಿನಿಂದ ತಿಂದು ಬಂದು, ಬಾಗಿಲು ಕೈಗೆ ಬಂದಾಗಲೇ ಗೊತ್ತಾಗುವುದು.

ಮೊದಲ ಮಳೆಗಾಲ ಯಾರನ್ನೂ ಮಲಗಿಸದೆ ಕೋಣೆಯನ್ನು ಮತ್ತೊಮ್ಮೆ ಗಮನಿಸಿ. ಗಟಾರ, ಕಿಂಡಿ, ಜೋಡಿ ಗೋಡೆಯ ಕಾಲುವೆ ಇವುಗಳನ್ನು ಪ್ರತಿ ಮೇ ತಿಂಗಳ ಕೊನೆಯ ವಾರ ತೊಳೆಯಬೇಕು. ಆಮೇಲೆ ಜೋರು ಮಳೆ ಹೊಡೆದ ಮಾರನೆ ದಿನ ಬಯಲಿನ ಬದಿಗೆ ಹೋಗಿ ಪೈಪಿನ ಬಾಯಿ ನೋಡಿ. ಅಲ್ಲಿ ನೀರು ತಿಳಿಯಾಗಿ ಬರುತ್ತಿದ್ದರೆ ಕೆಲಸ ಸರಿಯಾಗಿದೆ. ಕೆಂಪಗೆ ಕೆಸರು ಬಂದರೆ ಒಳಗಿನವರನ್ನು ಅವತ್ತೇ ಮೇಲಿನ ಮನೆಗೆ ಕರೆದುಕೊಂಡು ಹೋಗಿ, ಧರೆ ನೋಡಲು ಜನ ಕರೆಸಿ.